ಹಳೆಯ ಲೋಹದ ಕ್ಲಾರಿನೆಟ್ ಕೊನೆಗೂ ಶ್ರುತಿಗೆ ಬಂತು

"ಟೇಬಲ್ ಲ್ಯಾಂಪ್ ಮಾಡೋಕೆ ಲಾಯಕ್ಕು, ಊದೋಕಲ್ಲ." ಮಾಮೂಲಿ ಮರದ್ದಲ್ಲ, ಲೋಹದ ಕ್ಲಾರಿನೆಟ್ ಕೊಂಡೆ ಎಂದಾಗ ಜೊತೆಗೆ ನುಡಿಸುವವರು ಹೇಳಿದ್ದು ಇದನ್ನೇ. ಈಗ ಅವರೇ ಕೇಳಿ ಇಸಕೊಂಡು ಊದುತ್ತಾರೆ.

ಮೊದಲನೆಯದರಲ್ಲಿ ದುಡ್ಡು ಕಳೆದುಕೊಂಡೆ. ಅಗ್ಗಕ್ಕೆ ಸಿಕ್ಕಿತೆಂದು ಅದರ ಮೇಲಿನ ಶ್ರುತಿಯ ಗುರುತು ನೋಡದೆ ತೆಗೆದುಕೊಂಡೆ. ಅದು ಹೈ ಪಿಚ್ ವಾದ್ಯ, ಅಂದರೆ ಈಗಿನದಕ್ಕಿಂತ ಏರಿದ ಹಳೆಯ ಶ್ರುತಿಗೆ ಮಾಡಿದ್ದು. ಎ ಸ್ವರ 457 ಹರ್ಟ್ಸ್ ಹತ್ತಿರ. ಈಗಿನ 440ಕ್ಕೆ ಇಳಿಸಲು ಉದ್ದದ ಬ್ಯಾರೆಲ್ (ಮೌತ್‌ಪೀಸ್ ಕೆಳಗಿನ ಚಿಕ್ಕ ಕೊಳವೆ) ಮಾಡಿಸಿದೆ. ಬ್ಯಾರೆಲ್ ಹತ್ತಿರದ ರಂಧ್ರಗಳಿಂದ ಬರುವ ಥ್ರೋಟ್ ಸ್ವರಗಳು ಪಾತಾಳಕ್ಕೆ ಹೋದವು, ಕೆಳಗಿನವು ಅಷ್ಟಾಗಿ ಅಲುಗಲಿಲ್ಲ. ರಂಧ್ರಗಳ ನಡುವಿನ ದೂರ ಅಷ್ಟೇ ಇರುತ್ತದಲ್ವಾ? ಬ್ಯಾರೆಲ್ ಖರ್ಚು ವಾದ್ಯದ ಬೆಲೆಯನ್ನೇ ಮೀರಿತು.

ಎರಡನೆಯದು ಸಿಲ್ವಾ-ಬೆಟ್, ಬಾಸ್ಟನ್‌ನ ಬೆಟೊನಿ ಕಂಪನಿಯದು, ಲೋ ಪಿಚ್, ಅಂದರೆ 440ರ ಶ್ರುತಿಯದು. ರಿಪೇರಿಗೆ ಕೊಟ್ಟರೆ ರಂಧ್ರ ಮುಚ್ಚುವ ಮೆತ್ತೆಗಳಿಗೆ ದಪ್ಪ ಪ್ಯಾಡ್ ಹಾಕಿಕೊಟ್ಟರು. ಪ್ಯಾಡ್‌ನ ಹಿಂಭಾಗ ಮೊದಲೇ ತಾಗಿ ಮುಂಭಾಗ ತೆರೆದೇ ಇರುತ್ತಿತ್ತು. ಎಲ್ಲವನ್ನೂ ಕಿತ್ತು, ತೆಳು ಪ್ಯಾಡ್ ತರಿಸಿ, ಸಿಗರೇಟ್ ಕಾಗದದ ಚೂರಿಟ್ಟು ಎಳೆದು ಸೋರಿಕೆ ನೋಡುತ್ತಾ ಒಂದೊಂದನ್ನೂ ನಾನೇ ಕೂರಿಸಿದೆ. ಹೆಚ್ಚುಕಡಿಮೆ ಎರಡು ತಿಂಗಳ ಸಂಜೆಗಳು ಅದಕ್ಕೇ ಹೋದವು. ಲೋಹದ್ದು ತೆಳ್ಳನೆ ದನಿ ಅನ್ನುತ್ತಾರಲ್ಲ, ಅದರಲ್ಲಿ ಅರ್ಧ ಬರೀ ಗಾಳಿ ಸೋರಿಕೆ!

ಆಮೇಲೆ ಶ್ರುತಿ. ಬ್ಯಾರೆಲ್ ಮೂರು ಮಿಲಿಮೀಟರ್ ಹೊರಗೆಳೆದರೆ ಥ್ರೋಟ್ ಸ್ವರಗಳು ಹದಿನೈದು ಸೆಂಟ್‌ನಷ್ಟು ಇಳಿಯುತ್ತಿದ್ದವು; ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್. ಎಳೆದಾಗ ಒಳಗೆ ಉಳಿಯುವ ಸಂದಿಯೇ ಅರ್ಧ ತೊಂದರೆ ಕೊಡುತ್ತಿತ್ತು. ಅದನ್ನು ಉಂಗುರದಿಂದ ತುಂಬಿದೆ. ಉಂಗುರದ ಒಳ ಅಳತೆ ಅಲ್ಲಿನ ಕೊಳವೆಯ ಒಳ ಅಗಲಕ್ಕೆ ಸರಿಯಾಗಿರಲಿ. ಯಾವುದರಿಂದ ಮಾಡಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಆಮೇಲೂ ಏರಿಯೇ ಇದ್ದ ಎರಡು ಸ್ವರಗಳಿಗೆ ರಂಧ್ರದ ಮೇಲಂಚಿನಲ್ಲಿ ಅರ್ಧಚಂದ್ರದ ಹಾಗೆ ತುಸು ಲೇಪ ಹಚ್ಚಿದೆ. ಜಾಸ್ತಿ ಹಚ್ಚಿದರೆ ಸ್ವರ ಮುಚ್ಚಿಕೊಳ್ಳುತ್ತದೆ, ನನಗೆ ಮೂರು ಸಲ ಕೆರೆಯಬೇಕಾಯಿತು.

ನಡುವೆ ಒಂದು ಪ್ರಯೋಗ ಮಾಡಿದೆ. ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಲೋಹ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮೇಲ್ಭಾಗಕ್ಕೆ ಉಣ್ಣೆ ಬಟ್ಟೆ ಸುತ್ತಿದೆ. ನುಡಿಸದೆ ಬಿಟ್ಟ ಹೊತ್ತಿನಲ್ಲಿ ಶ್ರುತಿ ಅಷ್ಟು ಇಳಿಯಲಿಲ್ಲ, ಆದರೆ ಬೆರಳಿಗೆ ಅಡ್ಡ ಬಂತು. ತೆಗೆದುಬಿಟ್ಟೆ. ಈಗ ಐದು ನಿಮಿಷ ಮೊದಲೇ ಊದಿ ಕಾಯಿಸಿದ ಮೇಲೆ ಶ್ರುತಿ ಸೇರಿಸುತ್ತೇನೆ.

ಕಳೆದ ತಿಂಗಳು ಪರದೆಯ ಹಿಂದೆ ನಿಂತು ಇದನ್ನೂ ನನ್ನ ಮರದ ಕ್ಲಾರಿನೆಟ್ಟನ್ನೂ ನುಡಿಸಿದೆ. ಮೂವರಲ್ಲಿ ಇಬ್ಬರು ಲೋಹದ್ದನ್ನೇ ಮರದ್ದು ಅಂದರು. ಥ್ರೋಟ್ ಬಿ ಫ್ಲಾಟ್ ಮಾತ್ರ ಇನ್ನೂ ಮಂಕಾಗಿದೆ. ಅದರ ಪ್ಯಾಡ್ ಎಷ್ಟು ಎತ್ತರ ತೆರೆಯಬೇಕು ಅನ್ನುವುದರ ಹಿಂದೆ ಈಗ ಬಿದ್ದಿದ್ದೇನೆ.