ಹಳೇ ಲ್ಯಾಪ್‌ಟಾಪ್‌ಗೆ ಅಳತೆಗೆ ತಕ್ಕ ಕರ್ನಲ್

ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು ಉಬುಂಟು ಹಾಕಿದವರಿಗೆ ಒಂದಲ್ಲ ಒಂದು ದಿನ ಲಿನಕ್ಸ್ ಕರ್ನಲ್ (ಹಾರ್ಡ್‌ವೇರ್ ನಡೆಸುವ, ಸಿಸ್ಟಮಿನ ತಿರುಳು) ತಾವೇ ಕಂಪೈಲ್ ಮಾಡುವ, ಅಂದರೆ ಸೋರ್ಸ್ ಕೋಡ್‌ನಿಂದ ಕಟ್ಟಿಕೊಳ್ಳುವ ಆಸೆ ಹುಟ್ಟುತ್ತದೆ. ಕರ್ನಲ್‌ನಲ್ಲಿ ಏನೇನಿರಬೇಕು ಅಂತ ಆರಿಸುವ ಕಾನ್ಫಿಗರೇಶನ್ ಮೆನು ತೆರೆದರೆ ಆಸೆ ಅಲ್ಲೇ ಅಡಗುತ್ತದೆ. ಸಾವಿರಾರು ಆಯ್ಕೆಗಳು! ತನ್ನ ಲ್ಯಾಪ್‌ಟಾಪಿನ ವೈಫೈ ಚಿಪ್ ಯಾವುದು ಅಂತ ಯಾರಿಗೆ ನೆನಪಿರುತ್ತದೆ?

2009ರಲ್ಲಿ ಬಂದ ಕರ್ನಲ್‌ನ 2.6.32 ಆವೃತ್ತಿಯಿಂದಲೇ ಇದಕ್ಕೊಂದು ಸುಲಭ ದಾರಿ ಇದೆ. ಹೆಸರು ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’. (ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.)

ಒಂದು ವಿಷಯ ಮೊದಲೇ ತಿಳಿದಿರಲಿ. ಹಾರ್ಡ್‌ವೇರ್ ಹುಡುಕುವ ಕೆಲಸ ಈ ಕಮಾಂಡ್‌ನದ್ದಲ್ಲ. ಪಿಸಿಐ (ಒಳಗಿನ ಚಿಪ್, ಕಾರ್ಡ್‌ಗಳ ಸಂಪರ್ಕ), ಯುಎಸ್‌ಬಿ ಸಾಧನಗಳು ತಯಾರಕರ ನಂಬರನ್ನೂ ತಮ್ಮ ನಂಬರನ್ನೂ ತಾವೇ ಹೇಳುತ್ತವೆ. ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಹೊಡೆದು ನೋಡಿ, 8086 ಅಂತ ಕಂಡರೆ ಅದು ಇಂಟೆಲ್‌ನದ್ದು. ಹೌದು, ಅವರ ಹಳೇ ಪ್ರೊಸೆಸರ್ ನಂಬರೇ! ಆ ನಂಬರಿಗೆ ಹೊಂದುವ ಡ್ರೈವರ್ ತಾನಾಗಿ ಲೋಡ್ ಆಗುತ್ತದೆ. ಲೋಕಲ್‌ಮಾಡ್‌ಕಾನ್ಫಿಗ್ ಮಾಡುವುದು ಇಷ್ಟೇ: ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು (ಡ್ರೈವರ್‌ನಂಥ, ಬೇಕಾದಾಗ ಕರ್ನಲ್‌ಗೆ ಸೇರುವ ತುಂಡುಗಳು) ಉಳಿಸಿ, ಮಿಕ್ಕ ಮಾಡ್ಯೂಲ್‌ಗಳನ್ನು ತೆಗೆದುಹಾಕುತ್ತದೆ. ಹಾಜರಿ ಕೂಗಿದಾಗ ಕ್ಲಾಸಿನಲ್ಲಿ ಇಲ್ಲದವನ ಹೆಸರನ್ನೇ ರಿಜಿಸ್ಟರಿನಿಂದ ಹೊಡೆದುಹಾಕಿದ ಹಾಗೆ.

ಹಾಗಾಗಿ ಮೊದಲ ಹೆಜ್ಜೆ ಹಾಜರಿ ತುಂಬಿಸುವುದು. ಪ್ರಿಂಟರ್, ವೆಬ್‌ಕ್ಯಾಮ್, ಬ್ಲೂಟೂತ್ ಹೆಡ್‌ಸೆಟ್ ಎಲ್ಲಾ ಜೋಡಿಸಿ. ಸುಮ್ನೆ ಚುಚ್ಚಿದರೆ ಸಾಲದು, ಪೆನ್‌ಡ್ರೈವ್ ತೆರೆದು ಒಂದು ಫೈಲ್ ಓದಿ. ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಓದುವ ಡ್ರೈವರ್ ಕೂಡ ಎಷ್ಟೋ ಸಲ ಮಾಡ್ಯೂಲೇ ಅಲ್ವಾ? ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡುವವರಾದರೆ ಅದನ್ನೂ ಒಮ್ಮೆ ಆನ್ ಮಾಡಿ. ಜನ ಜಾಸ್ತಿ ಮರೆಯುವುದು ಇದನ್ನೇ.

ಆಮೇಲೆ ‘ಎಲ್‌ಎಸ್‌ಮಾಡ್’ ಕೊಡುವ, ಲೋಡ್ ಆಗಿರುವ ಮಾಡ್ಯೂಲ್‌ಗಳ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿ. ಕಂಪೈಲ್ ಮಾಡಲು ಬೇಕಾದ ಜಿಸಿಸಿ, ಫ್ಲೆಕ್ಸ್, ಬೈಸನ್ ಇತ್ಯಾದಿ ಇನ್‌ಸ್ಟಾಲ್ ಮಾಡಿ, ಕರ್ನಲ್ ಡಾಟ್ ಆರ್ಗ್‌ನಿಂದ ಸೋರ್ಸ್ ಇಳಿಸಿಕೊಳ್ಳಿ. ಬೂಟ್ ಫೋಲ್ಡರಿನಲ್ಲಿರುವ ಈಗಿನ ಕಾನ್ಫಿಗ್ ಫೈಲನ್ನು ಸೋರ್ಸ್ ಫೋಲ್ಡರಿಗೆ ‘ಡಾಟ್ ಕಾನ್ಫಿಗ್’ ಹೆಸರಲ್ಲಿ ಕಾಪಿ ಮಾಡಿ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸಿ. ಹೊಸ ಆಯ್ಕೆಗಳ ಬಗ್ಗೆ ಪ್ರಶ್ನೆ ಬಂದರೆ ಎಂಟರ್ ಒತ್ತುತ್ತಾ ಹೋಗಿ.

ಉಬುಂಟುವಿನಲ್ಲಿ ಇಲ್ಲೊಂದು ಕಿರಿಕಿರಿ ಇದೆ. ಅದರ ಕಾನ್ಫಿಗ್‌ನ ‘ಸಿಸ್ಟಮ್ ಟ್ರಸ್ಟೆಡ್ ಕೀಸ್’, ‘ಸಿಸ್ಟಮ್ ರೆವೊಕೇಶನ್ ಕೀಸ್’ ಸಾಲುಗಳು ನಿಮ್ಮ ಹತ್ತಿರ ಇಲ್ಲದ ಸರ್ಟಿಫಿಕೇಟ್ ಫೈಲ್ ಕೇಳುತ್ತವೆ. ಎರಡನ್ನೂ ಖಾಲಿ ಮಾಡಿ. ಇಲ್ಲದಿದ್ದರೆ ಕಂಪೈಲ್ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ‘ಮೇಕ್ ಬಿನ್‌ಡೆಬ್-ಪಿಕೆಜಿ’ ಕೊಟ್ಟರೆ ಕರ್ನಲ್ ಕಂಪೈಲ್ ಆಗಿ ಇನ್‌ಸ್ಟಾಲ್ ಮಾಡುವ ಪ್ಯಾಕೇಜ್ ಸಿದ್ಧವಾಗುತ್ತದೆ. ಮಾಡ್ಯೂಲ್‌ಗಳು ಕಮ್ಮಿಯಾದಷ್ಟೂ ಸಮಯ ಉಳಿಯುತ್ತದೆ. ಆದರೂ ಲ್ಯಾಪ್‌ಟಾಪ್ ತೀರಾ ನಿಧಾನವೆ? ಉಳಿಸಿಟ್ಟ ಎಲ್‌ಎಸ್‌ಮಾಡ್ ಪಟ್ಟಿ, ಕಾನ್ಫಿಗ್ ಎರಡನ್ನೂ ಗೆಳೆಯರ ಡೆಸ್ಕ್‌ಟಾಪಿಗೆ ಒಯ್ಯಿರಿ. ಅಲ್ಲಿ ಲೋಕಲ್‌ಮಾಡ್‌ಕಾನ್ಫಿಗ್ ಕಮಾಂಡ್‌ನಲ್ಲಿ ‘ಎಲ್‌ಎಸ್‌ಮಾಡ್=’ ಅಂತ ದೊಡ್ಡಕ್ಷರದಲ್ಲಿ ಬರೆದು ಫೈಲಿನ ದಾರಿ ಕೊಟ್ಟರೆ ಸಾಕು, ನಿಮ್ಮ ಲ್ಯಾಪ್‌ಟಾಪಿನ ಕರ್ನಲ್ ಅಲ್ಲೇ ತಯಾರು.

ಸೆಕ್ಯೂರ್ ಬೂಟ್ (ಡಿಜಿಟಲ್ ಸಹಿ ಇದ್ದದ್ದನ್ನಷ್ಟೇ ಬೂಟ್ ಮಾಡಲು ಬಿಡುವ ಕಾವಲು) ಆನ್ ಇದ್ದರೆ ಸಹಿ ಇಲ್ಲದ ಈ ಕರ್ನಲ್ ಬೂಟ್ ಆಗುವುದಿಲ್ಲ. ಅದನ್ನು ಆಫ್ ಮಾಡಿ, ಇಲ್ಲವೇ ನಿಮ್ಮದೇ ಕೀ ಹಾಕಿ ಸಹಿ ಮಾಡಿ. ಹಳೇ ಕರ್ನಲನ್ನಂತೂ ತೆಗೆಯಲೇಬೇಡಿ. ಹೊಸದರಲ್ಲಿ ಯಾವುದಾದರೂ ಸಾಧನ ಸುಮ್ಮನೆ ಕೂತರೆ ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿನಿಂದ ಹಳೆಯದಕ್ಕೆ ಹೋಗಿ, ಆ ಸಾಧನ ಜೋಡಿಸಿ, ಪಟ್ಟಿಯನ್ನು ಹೊಸದಾಗಿ ತೆಗೆದು, ಮೂಲ ಕಾನ್ಫಿಗ್‌ನಿಂದಲೇ ಮತ್ತೆ ಶುರು ಮಾಡಿ.