ಸೆಕೆಂಡಿಗೆ ಒಂದು ಇಂಚು: ಕಾರಿಗೆ ಪಾಲಿಶ್ ಹೊಡೆಯುವಾಗ ಕೈ ಎಷ್ಟು ವೇಗ ಇರಬೇಕು?

ಕಪ್ಪು ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಬಾನೆಟ್ ನೋಡಿ. ಸುತ್ತು ಸುತ್ತಾದ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ದೂಳು ಕೂತ ಕಾರನ್ನು ದಿನಾ ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿದರೆ ಆಗುವುದು ಇದೇ. ಇವನ್ನು ತೆಗೆಯಲು ಮನೆಯಲ್ಲೇ ಬಳಸಬಹುದಾದ ಡ್ಯುಯಲ್ ಆಕ್ಷನ್ ಪಾಲಿಶ್ ಮೆಷಿನ್‌ಗಳು (ಡಿಎ ಅನ್ನುತ್ತಾರೆ) ಈಗ ಸುಲಭವಾಗಿ ಸಿಗುತ್ತವೆ. ಆದರೆ ಹೊಸಬರು ನೆಲ ಒರೆಸುವ ಹಾಗೆ ಸರಸರ ಕೈ ಆಡಿಸುತ್ತಾರೆ. ಅರ್ಧ ದಿನ ದುಡಿದರೂ ಗೀರು ಹಾಗೇ ಇರುತ್ತದೆ.

ಕಾರಣ ಸರಳ. ಡಿಎ ಮೆಷಿನ್‌ನಲ್ಲಿ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುತ್ತದೆ. ಕಾಂಪೌಂಡ್‌ನಲ್ಲಿರುವ (ಪ್ಯಾಡ್‌ಗೆ ಹಚ್ಚಿ ಉಜ್ಜುವ ಪಾಲಿಶ್ ಪೇಸ್ಟ್) ನುಣ್ಣನೆಯ ಕಣಗಳು ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜಿದರೆ ಮಾತ್ರ ಗೀರಿನ ಸುತ್ತಲಿನ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸವೆದು ಮಟ್ಟವಾಗುತ್ತದೆ. ಕೈ ಓಡಿಸಿದರೆ ಕಣಗಳಿಗೆ ಆ ಸಮಯವೇ ಸಿಗುವುದಿಲ್ಲ. ಪಾಲಿಶ್‌ನ ಎಣ್ಣೆ ಗೀರಿನಲ್ಲಿ ತುಂಬಿ ಸುಮ್ನೆ ಹೊಳಪು ಬಂದಂತೆ ಕಾಣುತ್ತದೆ, ಅಷ್ಟೇ. ನಾಲ್ಕು ಸಲ ತೊಳೆದ ಮೇಲೆ ಗೀರು ಮತ್ತೆ ಹಾಜರ್.

ಮೊದಲು ಕಾರನ್ನು ಶ್ಯಾಂಪೂ ಹಾಕಿ ತೊಳೆದು, ಕ್ಲೇ ಬಾರ್ (ಪೇಂಟ್‌ಗೆ ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆ ತುಂಡು) ಆಡಿಸಿ, ಒಣಗಿಸಿ. ನೆರಳಿನಲ್ಲೇ ಕೆಲಸ ಮಾಡಿ, ಬಾಡಿ ತಣ್ಣಗಿರಲಿ. ರಬ್ಬರ್ ಬೀಡಿಂಗ್ ಮತ್ತು ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ.

ಈಗ ಬಾನೆಟ್ ಮೇಲೆ 16 ಇಂಚು ಉದ್ದ, 16 ಇಂಚು ಅಗಲದ ಒಂದು ಚೌಕ ಗುರುತಿಸಿ. ಐದು ಇಂಚಿನ ಪ್ಯಾಡ್‌ಗೆ ಕಡಲೆಕಾಳಿನಷ್ಟು ದಪ್ಪದ ನಾಲ್ಕೈದು ಹನಿ ಕಾಂಪೌಂಡ್ ಸಾಕು. ಪ್ಯಾಡನ್ನು ಪೇಂಟ್ ಮೇಲೆ ಇಟ್ಟ ನಂತರವೇ ಸ್ವಿಚ್ ಒತ್ತಿ, ಇಲ್ಲವಾದರೆ ಕಾಂಪೌಂಡ್ ಎಲ್ಲೆಡೆ ಸಿಡಿಯುತ್ತದೆ. ಕಡಿಮೆ ವೇಗದಲ್ಲಿ ಚೌಕದ ತುಂಬ ಹರಡಿ. ಆಮೇಲೆ, ಮೆಷಿನ್‌ನ ವೇಗದ ಡಯಲ್ ಆರರವರೆಗೆ ಇದ್ದರೆ, ನಾಲ್ಕು ಅಥವಾ ಐದಕ್ಕೆ ತಿರುಗಿಸಿ.

ಇಲ್ಲಿಂದ ಕೈಯ ಕೆಲಸ. ಸೆಕೆಂಡಿಗೆ ಸುಮಾರು ಒಂದು ಇಂಚು ಸರಿಸಿ. ಅಂದರೆ ಚೌಕದ ಈ ತುದಿಯಿಂದ ಆ ತುದಿಗೆ 16 ಸೆಕೆಂಡು. ಬಾಯಲ್ಲೇ ಎಣಿಸಿ, ಅಥವಾ ಚೌಕದ ಪಕ್ಕ ಅಳತೆ ಟೇಪ್ ಅಂಟಿಸಿಕೊಳ್ಳಿ. ಮೊದಮೊದಲು ಬೇಸರ ಬರುವಷ್ಟು ನಿಧಾನ ಅನ್ನಿಸುತ್ತದೆ. ಅದೇ ಸರಿಯಾದ ವೇಗ. ಮುಂದಿನ ಗೆರೆ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಹೀಗೆ ಐದಾರು ಗೆರೆಗೆ ಒಂದು ಸುತ್ತು. ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು ಎಂದು ಒಟ್ಟು ನಾಲ್ಕು ಸುತ್ತು ಮಾಡಿ. ಒಂದೇ ಚೌಕಕ್ಕೆ ಆರು ನಿಮಿಷದಷ್ಟು ಹಿಡಿಯುತ್ತದೆ. ಇಡೀ ಕಾರು ಒಂದೇ ಸಂಜೆಗೆ ಮುಗಿಯಬೇಕೆಂಬ ಆಸೆಯನ್ನು ದಯವಿಟ್ಟು ಬಿಡಿ. ಒಂದು ದಿನ ಬಾನೆಟ್ ಮಾತ್ರ ಮಾಡಿದರೂ ಚೆನ್ನ.

ನಿಧಾನ ಅಂದರೆ ಜೋರಾಗಿ ಒತ್ತುವುದಲ್ಲ. ಜಾಸ್ತಿ ಒತ್ತಿದರೆ ಡಿಎ ಪ್ಯಾಡ್ ತಿರುಗುವುದೇ ನಿಂತು, ಬರೀ ನಡುಗುತ್ತದೆ. ಪ್ಯಾಡ್ ಕೂರುವ ಪ್ಲೇಟ್‌ನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಗೆರೆ ಸುತ್ತುವುದು ಕಾಣದಿದ್ದರೆ ಒತ್ತಡ ಇಳಿಸಿ, ಪ್ಯಾಡನ್ನು ಸಮತಟ್ಟಾಗಿ ಹಿಡಿಯಿರಿ.

ಅಂಚುಗಳಲ್ಲಿ ಈ ಲೆಕ್ಕ ಬೇಡ. ಅಲ್ಲಿ ಪೇಂಟ್ ತೆಳುವಾಗಿರುತ್ತದೆ, ಬೇಗ ಸವೆಯುತ್ತದೆ. ಪ್ಲಾಸ್ಟಿಕ್ ಬಂಪರ್ ಕೂಡ ಹಾಗೇ: ಲೋಹದಂತೆ ಶಾಖವನ್ನು ಹರಡದೆ ಒಂದೇ ಕಡೆ ಕಾಯುತ್ತದೆ. ಈ ಎರಡೂ ಕಡೆ ಕೈ ಸ್ವಲ್ಪ ಬೇಗ, ಒತ್ತಡ ಕಡಿಮೆ. ಆಗಾಗ ಮೆಷಿನ್ ನಿಲ್ಲಿಸಿ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ತಣಿಯಲು ಬಿಡಿ. ರೋಟರಿ ಮೆಷಿನ್ (ಪ್ಯಾಡ್ ಅಲುಗದೆ ಬರೀ ತಿರುಗುವಂಥದ್ದು) ಆದರಂತೂ ಮೇಲಿನ ವೇಗವನ್ನು ಮರೆತುಬಿಡಿ. ಅದು ಎಷ್ಟು ಒತ್ತಿದರೂ ತಿರುಗುತ್ತಲೇ ಇರುತ್ತದೆ. ಒಂದು ಕಡೆ ತಂಗಿದರೆ ಪೇಂಟ್ ಸುಟ್ಟೀತು. ಕಲಿಯುವವರಿಗೆ ಅದು ಬೇಡವೆಂದೇ ನನ್ನ ಸಲಹೆ.

ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ. ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಪೇಂಟ್ ಒರೆಸಿದರೆ ಎಣ್ಣೆ ಹೋಗಿ ನಿಜಸ್ಥಿತಿ ಕಾಣುತ್ತದೆ. ಟಾರ್ಚ್ ಹಿಡಿದು ನೋಡಿ. ಗೀರು ಉಳಿದಿದ್ದರೆ, ಹೆಚ್ಚು ತರಿಯಾದ ಕಾಂಪೌಂಡ್‌ಗೆ ಹೋಗುವ ಮುನ್ನ ಕೈ ನಿಧಾನ ಮಾಡಿ ಇನ್ನೊಮ್ಮೆ ಪ್ರಯತ್ನಿಸಿ. ಉಗುರಿಗೆ ತಡೆಯುವಷ್ಟು ಆಳದ ಗೀರನ್ನು ಮಾತ್ರ ಬೆನ್ನತ್ತಬೇಡಿ. ಅದಕ್ಕೆ ಟಚ್‌ಅಪ್ ಪೇಂಟ್ ಬೇಕು.