ಚಾರ್ಲ್ಸ್ ಒಲಿವೇರಾನ ಆಟ ನೋಡುವುದು ಹೇಗೆ: ಸೋಲಿನಿಂದ ಶುರು ಮಾಡಿ

ಚಾರ್ಲ್ಸ್ ಒಲಿವೇರಾ ಬ್ರೆಜಿಲ್‌ನ ಫೈಟರ್. ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ ಆಟದ ದೊಡ್ಡ ಸಂಸ್ಥೆ ಯುಎಫ್‌ಸಿಯಲ್ಲಿ ಹೆಸರು ಮಾಡಿದವನು. ಯೂಟ್ಯೂಬಿನಲ್ಲಿ ಅವನ ಹೆಸರು ಹುಡುಕಿದರೆ ಮೊದಲು ಬರುವುದು ಹೈಲೈಟ್ಸ್. ಕುತ್ತಿಗೆ ಹಿಡಿದ, ಎದುರಾಳಿ ಟ್ಯಾಪ್ ಮಾಡಿದ (ಕೈ ತಟ್ಟಿ ಸೋಲು ಒಪ್ಪಿದ), ಜೋರು ಮ್ಯೂಸಿಕ್, ಮುಗೀತು. ಅದನ್ನು ಕೊನೆಗೆ ನೋಡಿ. ಮೊದಲೇ ನೋಡಿದರೆ ಅವನು ಗೆದ್ದ ಅನ್ನುವುದಷ್ಟೇ ತಲೆಯಲ್ಲಿ ಉಳಿಯುತ್ತದೆ. ಯಾಕೆ ಗೆದ್ದ ಅನ್ನುವುದು ತಿಳಿಯುವುದಿಲ್ಲ.

ನಾನು ಗೋಕಾಕ ಕಡೆಯವನು. ಚಿಕ್ಕಂದಿನಲ್ಲಿ ಊರ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದೆ. ಈಗ ಪುಣೆ ಹತ್ತಿರದ ಚಾಕಣದ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ಸೆಕ್ಷನ್ ಕೆಲಸ, ಪಿಂಪ್ರಿಯಲ್ಲಿ ಮನೆ. ಶಿಫ್ಟ್ ಬಿಟ್ಟ ಸಂಜೆಗಳಲ್ಲಿ ಜಿಯು-ಜಿತ್ಸು, ಅಂದರೆ ನೆಲದ ಮೇಲೆ ಪಟ್ಟು ಹಾಕಿ ಸೋಲಿಸುವ ಆಟ, ಕಲಿಯಲು ಹೋಗುತ್ತೇನೆ. ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ನಾಲ್ಕಾರು ಜನ ಸೇರುತ್ತೇವೆ. ಅಮೆರಿಕದ ಶನಿವಾರ ರಾತ್ರಿ ಅಂದರೆ ನಮಗೆ ಭಾನುವಾರ ಬೆಳಗು, ಅಲ್ವಾ? ಅಲ್ಲಿನ ಪೂರ್ವ ಕರಾವಳಿಯ ಸಮಯದಲ್ಲಿ ರಾತ್ರಿ ಹತ್ತಕ್ಕೆ ಶುರುವಾಗುವ ಪಂದ್ಯಗಳು ಬೇಸಿಗೆಯಲ್ಲಿ ನಮಗೆ 7.30ಕ್ಕೆ, ಚಳಿಗಾಲದಲ್ಲಿ 8.30ಕ್ಕೆ. ಮಿಸಳ್ ತರುವವರು ಅದಕ್ಕೂ ಮುಂಚೆಯೇ ಹೋಗಿ ಬಂದುಬಿಡಬೇಕು. ಪಿಂಪ್ರಿಯಲ್ಲಿ ಭಾನುವಾರ ಮಿಸಳ್ ಅಂಗಡಿ ಮುಂದಿನ ಸಾಲು ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ.

ಹಾಗೆ ಕೂತಿದ್ದಾಗ ನನ್ನ ಅಕ್ಕನ ಮಗ ಕೇಳಿದ: "ಮಾಮಾ, ಇಂವ ಹನ್ನೊಂದ ಸಲ ಸೋತಾನ. ಇಂಥಾವನ್ನ ಯಾಕ ಇಷ್ಟ ಹೊಗಳತೀರಿ?" ಪ್ರಶ್ನೆ ಸರಿಯಾಗಿಯೇ ಇದೆ. ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ, ರೆಕಾರ್ಡ್ ತೆಗೆಯಿರಿ. ಶೆರ್‌ಡಾಗ್, ಟ್ಯಾಪಾಲಜಿ ಎರಡೂ ವೆಬ್‌ಸೈಟ್‌ಗಳಲ್ಲಿ ಪ್ರತಿ ಫೈಟರ್‌ನ ಪಂದ್ಯಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಎಲ್ಲರ ಕಣ್ಣು ಮೊದಲು ಹೋಗುವುದು ಗೆಲುವು ಸೋಲಿನ ಒಟ್ಟು ಲೆಕ್ಕಕ್ಕೆ. 2025ರ ಅಕ್ಟೋಬರ್‌ನಲ್ಲಿ ರಿಯೋದ ಪಂದ್ಯ ಮುಗಿದಾಗ ಒಲಿವೇರಾನದು 36 ಗೆಲುವು, 11 ಸೋಲು, ಜೊತೆಗೆ ಫಲಿತಾಂಶವಿಲ್ಲದ ಒಂದು ಪಂದ್ಯ. ಇದರಿಂದ ಏನೂ ತಿಳಿಯುವುದಿಲ್ಲ. ನೀವು ನೋಡಬೇಕಾದ್ದು ಪಂದ್ಯ ಹೇಗೆ ಮುಗಿಯಿತು ಅನ್ನುವ ಕಾಲಂ, ಆಮೇಲೆ ಎಷ್ಟನೇ ರೌಂಡ್, ಆಮೇಲೆ ದಿನಾಂಕ. ಎದುರಾಳಿಯ ಹೆಸರು ಕೊನೆಗೆ.

ಈಗ ಒಂದು ಹಾಳೆ ತಗೊಂಡು ಹನ್ನೊಂದು ಸೋಲನ್ನೂ ಕೈಯಲ್ಲೇ ಬರೆಯಿರಿ. ಫೋನಿನಲ್ಲಿ ಸ್ಕ್ರೀನ್‌ಶಾಟ್ ಹೊಡೆದರೆ ತಲೆಗೆ ಹೋಗುವುದಿಲ್ಲ. ಪೆಟ್ಟು ತಿಂದು ಅಥವಾ ಗಾಯವಾಗಿ ನಿಂತವು ಐದು: ಡೊನಾಲ್ಡ್ ಸೆರೋನಿ, ಕಬ್ ಸ್ವಾನ್ಸನ್, ಮ್ಯಾಕ್ಸ್ ಹಾಲೊವೇ, ಪಾಲ್ ಫೆಲ್ಡರ್, ಇಲಿಯಾ ಟೊಪುರಿಯಾ. ತೀರ್ಪುಗಾರರ ಅಂಕದಲ್ಲಿ ಹೋದವು ಎರಡು: ಫ್ರಾಂಕಿ ಎಡ್ಗರ್, ಅರ್ಮಾನ್ ತ್ಸರುಕ್ಯಾನ್. ಉಳಿದ ನಾಲ್ಕರಲ್ಲಿ ಅವನೇ ಟ್ಯಾಪ್ ಮಾಡಿದ್ದಾನೆ: ಜಿಮ್ ಮಿಲ್ಲರ್, ಆಂಟನಿ ಪೆಟಿಸ್, ರಿಕಾರ್ಡೊ ಲಾಮಾಸ್, ಇಸ್ಲಾಂ ಮಖಚೇವ್.

ಇಲ್ಲಿ ಸ್ವಲ್ಪ ನಿಲ್ಲಿ. ಯುಎಫ್‌ಸಿಯಲ್ಲಿ ಎಲ್ಲರಿಗಿಂತ ಜಾಸ್ತಿ ಸಬ್‌ಮಿಷನ್ ಗೆಲುವು, ಅಂದರೆ ಪಟ್ಟು ಹಾಕಿ ಸೋಲು ಒಪ್ಪಿಸಿದ ಗೆಲುವು, ಇರುವವನು ಇವನೇ. ಅಂಥವನೇ ನಾಲ್ಕು ಸಲ ಬೇರೆಯವರ ಪಟ್ಟಿನಲ್ಲಿ ಸಿಕ್ಕಿಬಿದ್ದಿದ್ದಾನೆ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಪಟ್ಟು ಹಾಕಲು ಹೋಗುವವನು ತನ್ನ ಕೈಕಾಲನ್ನೂ ಎದುರಾಳಿಯ ಕೈಗೆ ಸಿಗುವ ಹಾಗೆ ಇಡಲೇಬೇಕು. ಹುಷಾರಾಗಿ ಆಡುವವನ ಸೋಲೆಲ್ಲ ಸಾಮಾನ್ಯವಾಗಿ ಅಂಕದ ಗುಂಪಿಗೆ ಸೇರುತ್ತವೆ. ಇವನವು ಎರಡೇ. ಇಷ್ಟರಿಂದಲೇ ಇವನ ಸ್ವಭಾವ ತಿಳಿಯಿತು, ಇನ್ನೂ ಒಂದು ವಿಡಿಯೋ ಹಚ್ಚಿಲ್ಲ ನೋಡಿ.

ಎರಡನೆಯ ಕೆಲಸ, ಪ್ರತಿ ಸೋಲಿನ ಮುಂದೆ ತೂಕ ಬರೆಯುವುದು. ಒಲಿವೇರಾ 2010ರ ಆಗಸ್ಟ್‌ನಲ್ಲಿ ಯುಎಫ್‌ಸಿಗೆ ಬಂದಾಗ ಲೈಟ್‌ವೇಟ್, ಅಂದರೆ 155 ಪೌಂಡ್, ಸುಮಾರು 70 ಕೆಜಿ. ಮೊದಲ ಪಂದ್ಯದಲ್ಲೇ ಡ್ಯಾರೆನ್ ಎಲ್ಕಿನ್ಸ್‌ನನ್ನು 41 ಸೆಕೆಂಡಿನಲ್ಲಿ ಮುಗಿಸಿದ. ಆಗ ಅವನಿಗೆ ಇಪ್ಪತ್ತು ವರ್ಷ. ಆ ವರ್ಷದ ಕೊನೆಗೆ ಮಿಲ್ಲರ್ ಹತ್ತಿರ ಮೊದಲ ಸೋಲು, ಮರುವರ್ಷ ಸೆರೋನಿ ಹತ್ತಿರ ಇನ್ನೊಂದು. ಆಮೇಲೆ ಫೆದರ್‌ವೇಟ್‌ಗೆ ಇಳಿದ: 145 ಪೌಂಡ್, 66 ಕೆಜಿಗಿಂತ ಸ್ವಲ್ಪ ಕಡಿಮೆ. ಐದಡಿ ಹತ್ತಂಗುಲದ ಆಳಿಗೆ ಇದು ಹಿಂಸೆ. ಹಲವು ಸಲ ತೂಕ ಮುಟ್ಟಲೇ ಇಲ್ಲ. 2016ರ ನವೆಂಬರ್‌ನಲ್ಲಿ ಲಾಮಾಸ್ ಜೊತೆಗಿನ ಪಂದ್ಯಕ್ಕೆ ತಕ್ಕಡಿ ಹತ್ತಿದಾಗ 155 ತೂಗಿದ. ಒಂದು ಪೌಂಡ್ ರಿಯಾಯಿತಿ ಲೆಕ್ಕ ಹಿಡಿದರೂ ಒಂಬತ್ತು ಪೌಂಡ್ ಹೆಚ್ಚು! ಆ ಪಂದ್ಯ ಸೋತು, ಮತ್ತೆ 155ಕ್ಕೇ ವಾಪಸ್ ಬಂದ.

ಹಾಳೆಯಲ್ಲಿ ಈಗ ಸ್ವಾನ್ಸನ್, ಎಡ್ಗರ್, ಹಾಲೊವೇ, ಪೆಟಿಸ್, ಲಾಮಾಸ್ ಐವರ ಮುಂದೆಯೂ 145 ಅಂತ ಬರೆದಿರುತ್ತೀರಿ. ಹಾಲೊವೇ ಪಂದ್ಯ ಗಾಯದಿಂದ ಮೊದಲ ರೌಂಡಿನಲ್ಲೇ ನಿಂತಿದ್ದು, ಅದನ್ನು ಪಕ್ಕಕ್ಕಿಡಿ. ಉಳಿದವನ್ನು ನೋಡುವಾಗ ಬೆವರು ಹಿಂಡಿ ನೀರು ಬಿಟ್ಟು ಬಂದ ಮೈ ಅದು ಅನ್ನುವುದು ನೆನಪಿರಲಿ. "ಕೈ ಬಿಟ್ಟುಬಿಡುತ್ತಾನೆ, ಎದೆಗಾರಿಕೆ ಇಲ್ಲ" ಅಂತ ಆ ಕಾಲದಲ್ಲಿ ತುಂಬಾ ಜನ ಅಂದರು. ನನ್ನ ಪ್ರಕಾರ ಅದರಲ್ಲಿ ಅರ್ಧ ಮಾತು ತಕ್ಕಡಿಗೆ ಸೇರಬೇಕಾದ್ದು.

ಎದೆಗಾರಿಕೆ ವಿಷಯ ಬಂದಿದ್ದರಿಂದ ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ಸಾವೊ ಪಾಲೊ ರಾಜ್ಯದ ಕರಾವಳಿಯ ಗ್ವಾರುಜಾದ ಬಡವರ ಕೇರಿಯವನು ಇವನು. ಚಿಕ್ಕವನಿದ್ದಾಗ ಕೀಲುವಾತದ ಜ್ವರ, ಹೃದಯದಲ್ಲಿ ತೊಂದರೆ. ಆಟ ಆಡುವ ಮಾತೇ ಬೇಡ ಅಂದಿದ್ದರು ವೈದ್ಯರು. ಹನ್ನೆರಡನೇ ವಯಸ್ಸಿಗೆ ಜಿಯು-ಜಿತ್ಸು ಹಿಡಿದ.

ವಿಡಿಯೋ ಹಚ್ಚುವ ಮುಂಚೆ ನಮ್ಮಂಥ ಕುಸ್ತಿ ಮಂದಿಗೆ ಒಂದು ಮಾತು. ಗರಡಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿತು ಅಂದರೆ ಚಿತ್, ಆಟ ಖಲಾಸ್. ಪುಣೆಯ ಹಳೇ ತಾಲೀಮುಗಳಲ್ಲೂ ಅದೇ ನಿಯಮ, ಗೋಕಾಕದಲ್ಲೂ ಅದೇ. ಅದೇ ಕಣ್ಣಿನಿಂದ ಒಲಿವೇರಾನನ್ನು ನೋಡಿದರೆ, ಅವನು ಅಂಗಾತ ಬಿದ್ದಾಗ ನಿಮ್ಮ ಬಾಯಿಂದ "ಹೋತ್" ಅಂತ ಬಂದೇ ಬರುತ್ತದೆ. ಆದರೆ ಜಿಯು-ಜಿತ್ಸುವಿನಲ್ಲಿ ಅಂಗಾತ ಬಿದ್ದವನಿಗೆ ಎರಡು ಕಾಲು ಖಾಲಿ ಇರುತ್ತವೆ. ಆ ಕಾಲುಗಳಿಂದ ಎದುರಾಳಿಯ ಸೊಂಟ ಹಿಡಿದು ತಡೆಯುವುದನ್ನೇ ಗಾರ್ಡ್ ಅನ್ನುತ್ತಾರೆ. ಅಲ್ಲಿಂದಲೇ ಕೈ ಮುರಿಯುವ ಆರ್ಮ್‌ಬಾರ್, ತೊಡೆಗಳ ನಡುವೆ ಕುತ್ತಿಗೆ ಹಿಚುಕುವ ಟ್ರಯಾಂಗಲ್. ಹಾಗಾಗಿ ಮೇಲಿರುವವನ ಮುಖ ನೋಡಬೇಡಿ, ಕೆಳಗಿರುವವನ ಸೊಂಟ ನೋಡಿ. ಸೊಂಟ ಓರೆಯಾಗಿ ತಿರುಗುತ್ತಿದ್ದರೆ ಅವನು ಏನೋ ಕಟ್ಟುತ್ತಿದ್ದಾನೆ. ನೆಲಕ್ಕೆ ಅಂಟಿ ಚಪ್ಪಟೆಯಾಗಿದ್ದರೆ ಮಾತ್ರ ನಿಜವಾಗಿಯೂ ಕಷ್ಟದಲ್ಲಿದ್ದಾನೆ.

ಈಗ ಪಂದ್ಯಗಳು. ನಾನು ನೋಡುವ ಕ್ರಮ ಇಷ್ಟೇ: ಮೊದಲ ಸಲ ಪೂರ್ತಿ ವೇಗದಲ್ಲಿ, ಕಾಮೆಂಟ್ರಿ ಬಂದ್ ಮಾಡಿ. ಕಾಮೆಂಟ್ರಿ ಕೇಳಿದರೆ ಅವರಿಗೆ ಕಂಡದ್ದಷ್ಟೇ ನಮಗೂ ಕಾಣುತ್ತದೆ. ಎರಡನೇ ಸಲ ಅರ್ಧ ವೇಗದಲ್ಲಿ ಎದುರಾಳಿಯನ್ನು ಮಾತ್ರ ನೋಡುವುದು.

2017ರ ಡಿಸೆಂಬರ್‌ನ ಫೆಲ್ಡರ್ ಪಂದ್ಯದಿಂದ ಶುರು ಮಾಡಿ. ನನಗೆ ಇಡೀ ಕರಿಯರ್‌ನಲ್ಲಿ ಇದೇ ಕೀಲಿಕೈ. ಒಲಿವೇರಾ ಕುತ್ತಿಗೆಗೆ ಕೈ ಹಾಕುತ್ತಾನೆ, ಫೆಲ್ಡರ್ ತಪ್ಪಿಸಿಕೊಳ್ಳುತ್ತಾನೆ. ಎರಡನೇ ರೌಂಡಿನಲ್ಲಿ ಫೆಲ್ಡರ್ ಮೇಲೆ ಬರುತ್ತಾನೆ. ಎದ್ದು ದೂರ ಹೋಗುವುದಿಲ್ಲ. ಅಲ್ಲೇ ಇದ್ದು ಮೊಣಕೈಯಿಂದ ಹೊಡೆದು ಮುಗಿಸುತ್ತಾನೆ. ಹಾಳೆಯಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳಿ: ಒಲಿವೇರಾ ನೆಲಕ್ಕೆ ಬಿದ್ದಾಗ ಎದುರಾಳಿ ಅವನ ಹಿಂದೆ ನೆಲಕ್ಕೆ ಹೋದನೋ, ದೂರ ನಿಂತನೋ? ಇನ್ನು ಮುಂದೆ ಪ್ರತಿ ಪಂದ್ಯಕ್ಕೂ ಇದೇ ಪ್ರಶ್ನೆ.

ಫೆಲ್ಡರ್ ನಂತರ ಸತತ ಹನ್ನೊಂದು ಗೆಲುವು, 2018ರ ಕ್ಲೇ ಗೈಡಾನಿಂದ 2022ರ ಜಸ್ಟಿನ್ ಗೇಜಿವರೆಗೆ. ಮಧ್ಯದವನ್ನು ಬೇಗ ನೋಡಿ ಮುಗಿಸಬಹುದು. ಎರಡನ್ನು ಮಾತ್ರ ಬಿಡಬೇಡಿ. ಒಂದು 2020ರ ಮಾರ್ಚ್‌ನ ಕೆವಿನ್ ಲೀ ಪಂದ್ಯ. ಬ್ರೆಸಿಲಿಯಾದಲ್ಲಿ ಕೋವಿಡ್‌ನಿಂದ ಪ್ರೇಕ್ಷಕರೇ ಇರಲಿಲ್ಲ. ಖಾಲಿ ಸ್ಟೇಡಿಯಂ ಆದ್ದರಿಂದ ಪೆಟ್ಟಿನ ಸದ್ದು, ಕೋಚ್‌ಗಳ ಕೂಗು ಸ್ಪಷ್ಟ ಕೇಳುತ್ತದೆ, ಕಲಿಯುವವರಿಗೆ ಒಳ್ಳೆಯದು. ಇನ್ನೊಂದು ಅದೇ ಡಿಸೆಂಬರ್‌ನ ಟೋನಿ ಫರ್ಗುಸನ್ ಪಂದ್ಯ, ಅದರಲ್ಲೂ ಮೊದಲ ರೌಂಡಿನ ಕೊನೆಯ ಆರ್ಮ್‌ಬಾರ್. ಕೈ ಹಿಂದಕ್ಕೆ ಬಾಗಿದೆ, ಫರ್ಗುಸನ್ ಟ್ಯಾಪ್ ಮಾಡುವುದಿಲ್ಲ, ಗಂಟೆ ಹೊಡೆಯುತ್ತದೆ. ನಮ್ಮ ಮನೆಯಲ್ಲಿ ಇದನ್ನು ಹಚ್ಚಿದಾಗ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ.

ಆಮೇಲೆ ಮೂರು ದೊಡ್ಡ ಪಂದ್ಯ. 2021ರ ಮೇ ತಿಂಗಳಲ್ಲಿ ಹ್ಯೂಸ್ಟನ್‌ನಲ್ಲಿ ಮೈಕಲ್ ಚಾಂಡ್ಲರ್. ಹಿಂದಿನ ಚಾಂಪಿಯನ್ ಖಬೀಬ್ ನಿವೃತ್ತನಾಗಿ ಖಾಲಿ ಬಿದ್ದ ಲೈಟ್‌ವೇಟ್ ಚಾಂಪಿಯನ್ ಪಟ್ಟಕ್ಕೆ ನಡೆದ ಪಂದ್ಯ. ಮೊದಲ ರೌಂಡಿನಲ್ಲಿ ಒಲಿವೇರಾ ಸಿಕ್ಕಾಪಟ್ಟೆ ಹೊಡೆತ ತಿನ್ನುತ್ತಾನೆ. ಚಾಂಡ್ಲರ್ ಅವನ ಹಿಂದೆ ನೆಲಕ್ಕೂ ಹೋಗುತ್ತಾನೆ, ಆದರೆ ಮುಗಿಸಲು ಆಗುವುದಿಲ್ಲ. ಎರಡನೇ ರೌಂಡಿನ 19ನೇ ಸೆಕೆಂಡಿಗೆ ಒಲಿವೇರಾ ಗೆದ್ದ. ಯುಎಫ್‌ಸಿಗೆ ಬಂದು ಹನ್ನೊಂದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇತ್ತು. ಆ ಡಿಸೆಂಬರ್‌ನಲ್ಲಿ ಡಸ್ಟಿನ್ ಪೊಯ್ರಿಯೇ. ಮತ್ತೆ ಮೊದಲ ರೌಂಡಿನಲ್ಲಿ ಪೆಟ್ಟು. ಮೂರನೇ ರೌಂಡಿನಲ್ಲಿ ನಿಂತಲ್ಲೇ ಬೆನ್ನಿಗೆ ಹತ್ತಿ ಹಿಂದಿನಿಂದ ಕುತ್ತಿಗೆ ಹಿಚುಕಿದ.

ಗೇಜಿ ಪಂದ್ಯದಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. 2022ರ ಮೇ, ಫೀನಿಕ್ಸ್. ತೂಕದಲ್ಲಿ ಒಲಿವೇರಾ ಅರ್ಧ ಪೌಂಡ್ ಜಾಸ್ತಿ ಬಂದ. ಪಟ್ಟದ ಪಂದ್ಯಕ್ಕೆ ರಿಯಾಯಿತಿ ಇಲ್ಲ, ಹಾಗಾಗಿ ಪಂದ್ಯಕ್ಕೆ ಮುಂಚೆಯೇ ಪಟ್ಟ ಕೈ ಬಿಟ್ಟುಹೋಯಿತು. ಗೇಜಿ ಅವನನ್ನು ಹೊಡೆದು ಬೀಳಿಸುತ್ತಾನೆ. ಬೀಳಿಸಿದ ಮೇಲೆ ಏನು ಮಾಡುತ್ತಾನೆ ನೋಡಿ. ಹಿಂದಕ್ಕೆ ಸರಿದು "ಏಳು" ಅಂತ ಸನ್ನೆ ಮಾಡುತ್ತಾನೆ! ಬಿದ್ದವನಿಗೆ ಸುಧಾರಿಸಿಕೊಳ್ಳಲು ಪುಕ್ಕಟೆ ಸಮಯ. ಸ್ವಲ್ಪ ಹೊತ್ತಿಗೆ ಒಲಿವೇರಾನೇ ಗೇಜಿಯನ್ನು ಬೀಳಿಸಿದ. ಅವನು ಮಾತ್ರ ಹಿಂದೆ ಸರಿಯಲಿಲ್ಲ. ಬೆನ್ನು ಹತ್ತಿದ, 3 ನಿಮಿಷ 22 ಸೆಕೆಂಡಿಗೆ ಟ್ಯಾಪ್.

ಅಂದರೆ ಇವನ ಜಿಯು-ಜಿತ್ಸು ಕೆಲಸ ಮಾಡುವುದು ನೆಲದ ಮೇಲಷ್ಟೇ ಅಲ್ಲ. ನಿಂತು ಹೊಡೆದಾಡುವಾಗಲೂ ಎದುರಾಳಿಯ ತಲೆಯಲ್ಲಿ ಆ ಭಯ ಕೂತಿರುತ್ತದೆ. ಇವನನ್ನು ಎತ್ತಿ ಕೆಡವಲು ಬರುವವರು ಕಡಿಮೆ, ಹಾಗಾಗಿ ಇವನು ನೆಟ್ಟಗೆ ನಿಂತು, ಮುಂದೆ ಮುಂದೆ ನಡೆದು, ಧೈರ್ಯವಾಗಿ ಕಾಲು ಎತ್ತಿ ಒದೆಯಬಲ್ಲ, ಕುತ್ತಿಗೆ ಹಿಡಿದು ಮೊಣಕಾಲಿನಿಂದ ಗುದ್ದಬಲ್ಲ. ಬೇರೆಯವರು ಹಾಗೆ ನಿಂತರೆ ಎರಡೇ ನಿಮಿಷಕ್ಕೆ ಯಾರಾದರೂ ಕಾಲಿಗೆ ಕೈ ಹಾಕಿ ಕೆಡವುತ್ತಾರೆ.

ಇದು ತಿಳಿದ ಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ನಡೆದ ಮಖಚೇವ್ ಪಂದ್ಯ ನೋಡಿ. ಎರಡನೇ ರೌಂಡಿನಲ್ಲಿ ಬಲಗೈ ಪೆಟ್ಟು ಬಿತ್ತು, ಒಲಿವೇರಾ ಕುಸಿದ. ಮಖಚೇವ್ ಒಂದು ಕ್ಷಣವೂ ಯೋಚಿಸದೆ ಮೇಲೆ ಬಿದ್ದು ತೋಳಿನ ಜೊತೆಗೇ ಕುತ್ತಿಗೆ ಅಮುಕಿದ. ಫೆಲ್ಡರ್ ಐದು ವರ್ಷದ ಹಿಂದೆ ತೋರಿಸಿದ್ದ ದಾರಿ ಅದೇ. 2025ರ ಜೂನ್‌ನಲ್ಲಿ ಟೊಪುರಿಯಾ ಮೊದಲ ರೌಂಡಿನಲ್ಲೇ ಮಲಗಿಸಿದಾಗ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಪ್ರಜ್ಞೆ ತಪ್ಪಿದವನಿಗೆ ಗಾರ್ಡ್ ಎಲ್ಲಿಂದ ಬರಬೇಕು?

ಪರೀಕ್ಷೆಗೆ ಅಂತ 2025ರ ಅಕ್ಟೋಬರ್‌ನ ರಿಯೋ ಪಂದ್ಯ ಇಟ್ಟುಕೊಳ್ಳಿ. ಎದುರಾಳಿ ಪೋಲೆಂಡಿನ ಮಟೆಯುಶ್ ಗಾಮ್ರೊಟ್, ಕುಸ್ತಿಯಿಂದ ಬಂದವನು, ಬೇರೊಬ್ಬನ ಬದಲಿಗೆ ಕೊನೆಗಳಿಗೆಯಲ್ಲಿ ಒಪ್ಪಿಕೊಂಡವನು. ಎರಡನೇ ರೌಂಡಿನಲ್ಲಿ ಒಲಿವೇರಾ ಗೆದ್ದ ಅಂತಷ್ಟೇ ಹೇಳುತ್ತೇನೆ. ಯಾರು ಯಾರ ಹಿಂದೆ ನೆಲಕ್ಕೆ ಹೋದರು ಅನ್ನುವುದನ್ನು ನೀವೇ ಬರೆಯಿರಿ.

ನೋಡಿದ್ದನ್ನು ಮನೆಯ ಹಾಸಿಗೆ ಮೇಲೆ ತಮ್ಮನ ಕುತ್ತಿಗೆಗೆ ಪ್ರಯೋಗ ಮಾಡಬೇಡಿ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಒತ್ತಿದರೆ ಕೆಲವೇ ಸೆಕೆಂಡಿಗೆ ಪ್ರಜ್ಞೆ ತಪ್ಪುತ್ತದೆ. ಕಾಲಿನ ಪಟ್ಟು ಇನ್ನೂ ಅಪಾಯ. ಒಲಿವೇರಾ 2012ರಲ್ಲಿ ಎರಿಕ್ ವೈಸ್ಲಿ ಮೇಲೆ ಹಾಕಿದ ಕಾಫ್ ಸ್ಲೈಸರ್ (ಮೀನಖಂಡ ಅಮುಕುವ ಪಟ್ಟು) ನೋಡಲು ಚಂದ, ಯುಎಫ್‌ಸಿಯಲ್ಲಿ ಅದರಿಂದ ಗೆದ್ದ ಮೊದಲಿಗ ಇವನು. ಆದರೆ ಜಿಯು-ಜಿತ್ಸುವಿನ ದೊಡ್ಡ ಟೂರ್ನಿಗಳಲ್ಲಿ ಅದನ್ನು ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟಿನವರಿಗಷ್ಟೇ ಬಿಡುತ್ತಾರೆ. ಕಲಿಯಬೇಕು ಅನ್ನಿಸಿದರೆ ಕ್ಲಾಸಿಗೆ ಸೇರಿ. ಮೊದಲ ದಿನವೇ ಟ್ಯಾಪ್ ಮಾಡುವುದನ್ನು ಹೇಳಿಕೊಡದ ಕೋಚ್ ಸಿಕ್ಕರೆ ಎರಡನೇ ದಿನ ಹೋಗಬೇಡಿ.

ಇದು ಮುಗಿದ ಮೇಲೆ ಇನ್ನೊಬ್ಬ ಬ್ರೆಜಿಲ್‌ನವನು ಬೇಕಾದರೆ ಮನಾಉಸ್‌ನ ಜೋಸೆ ಆಲ್ಡೊ ತಗೊಳ್ಳಿ. ಅವನಿಗೆ ಈ ದಾರಿ ನಡೆಯುವುದಿಲ್ಲ. 2005ರ ಕೊನೆಯಿಂದ 2015ರ ಡಿಸೆಂಬರ್‌ವರೆಗೆ ಅವನು ಸೋಲಲೇ ಇಲ್ಲ, ಆಮೇಲೆ ಮೆಕ್‌ಗ್ರೆಗರ್ ಹತ್ತಿರ 13 ಸೆಕೆಂಡಿನಲ್ಲಿ ಸೋತ. ಸೋಲಿನಿಂದ ಶುರು ಮಾಡಿದರೆ ಅವನು ಅರ್ಥವೇ ಆಗುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಯುರೈಯಾ ಫೇಬರ್ ಜೊತೆ ಆಡಿದ ಐದು ರೌಂಡ್ ಹಚ್ಚಿ, ಫೇಬರ್‌ನ ಎಡತೊಡೆ ರೌಂಡಿನಿಂದ ರೌಂಡಿಗೆ ಹೇಗೆ ಊದಿಕೊಳ್ಳುತ್ತದೆ ಅನ್ನುವುದನ್ನು ನೋಡಿ.